ರೌಡಿಗೊಂದು ಜೊತೆ

ಮೂರನೆಯ ಹೆಣವನ್ನಾದರೂ ಹೆಂಡತಿ ಏಳುವ ಮೊದಲೇ ಎತ್ತಿಬಿಡಬೇಕೆಂದು ಕನ್ನಡಕದಂಗಡಿಯವನು ಅಂದುಕೊಂಡಿದ್ದ. ಅವನು ಹಜಾರಕ್ಕೆ ಬರುವಷ್ಟರಲ್ಲಿ ಅವಳು ಆಗಲೇ ಗಾಜಿನ ತೊಟ್ಟಿಯ ಮುಂದೆ ನಿಂತಿದ್ದಳು.

ಹಳದಿ ಮೀನು ಮಗ್ಗುಲಾಗಿ ತೇಲುತ್ತಿತ್ತು. ಬಾಲವಿರಲಿಲ್ಲ. ಅದರ ಕೆಳಗೆ ರೌಡಿ, ಅಂಗೈಯಗಲದ ಟ್ರಿಗರ್ ಎಂಬ ಸಮುದ್ರದ ಮೀನು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುತ್ತು ಹಾಕುತ್ತಿತ್ತು.

"ಇದೂ ಹೋಯ್ತಾ?" ಎಂದಳು, ಹಾಲು ಮುಗಿಯಿತಾ ಎಂದು ಕೇಳುವ ದನಿಯಲ್ಲಿ.

"ಹೂಂ."

"ಮಗಳಿಲ್ಲ ಅಂತ ಅದಕ್ಕೆ ಸಿಟ್ಟು. ಇಲ್ದಿದ್ರೆ ಮೂರು ವರ್ಷ ಎಲ್ಲದರ ಜೊತೆ ಹೊಂದಿಕೊಂಡಿದ್ದ ಮೀನು ಹೀಗೆ ಆಡ್ತಿತ್ತಾ? ಬೇರೆ ತನ್ನಿ. ಇನ್ನೂ ಗಟ್ಟಿಯಾದ್ದು. ಅದೊಂದೇ ಇರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

ಅವನು ಸತ್ತ ಮೀನನ್ನು ಬಲೆಯಲ್ಲೆತ್ತಿ ಪೇಪರಿನಲ್ಲಿ ಸುತ್ತಿದ. ಕೈ ತೊಳೆದುಕೊಂಡ. ಮಗಳು ಹೋಗಿ ಐದು ತಿಂಗಳಾಗಿತ್ತು. ಬೆಳಿಗ್ಗೆ ಸೈಕಲ್ ಹತ್ತಿ ಕಾಲೇಜಿಗೆ ಹೊರಟವಳು ಮುಂದಿನ ತಿರುವಿನಲ್ಲೇ ಲಾರಿಗೆ ಸಿಕ್ಕಿದ್ದಳು. ಅಂದಿನಿಂದ ಅವನಿಗೆ ಅಳು ಬಂದಿರಲಿಲ್ಲ. ಅಂಗಡಿ ತೆರೆಯುತ್ತಿದ್ದ, ಗಿರಾಕಿಗಳ ಕಣ್ಣಿಗೆ ಗಾಜು ಹೊಂದಿಸುತ್ತಿದ್ದ, ಮುಚ್ಚುತ್ತಿದ್ದ. ಮೈಯೊಳಗೆಲ್ಲ ಹತ್ತಿ ತುಂಬಿದಂತಿತ್ತು.

ರೌಡಿಯನ್ನು ತಂದವನು ಅವನೇ. ಮೂರು ವರ್ಷದ ಹಿಂದೆ, ಮಗಳು ಪರೀಕ್ಷೆ ಪಾಸಾದಾಗ. ಸಂಜೆ ಹೊಸ್ತಿಲು ದಾಟಿದೊಡನೆ "ಏನೋ ರೌಡಿ, ಇವತ್ತು ಯಾರ ಮೇಲೋ ನಿನ್ನ ದಾದಾಗಿರಿ?" ಎಂದು ಅವನು ಕೇಳಬೇಕು, ಮಗಳು ಒಳಗಿನಿಂದ ನಗಬೇಕು. ಒಮ್ಮೆ ಮಾತ್ರ, ಎರಡು ವರ್ಷದ ಹಿಂದೆ, ನಗು ಕೇಳಿಸಿರಲಿಲ್ಲ. ಅವಳು ತೊಟ್ಟಿಯ ಕಲ್ಲುಗಳನ್ನೆಲ್ಲ ಹೊರಗೆ ತೆಗೆದು, ಹಜಾರ ಒದ್ದೆ ಮಾಡಿ, ಹೊಸದಾಗಿ ಜೋಡಿಸುತ್ತಾ ಕೂತಿದ್ದಳು. ಯಾಕೇ ಎಂದರೆ "ಹಳೇದು ಬೇಜಾರಾಯ್ತಪ್ಪ" ಎಂದಿದ್ದಳು. ಕಣ್ಣು ಕೆಂಪಗಿತ್ತು. ಉಪ್ಪುನೀರು ತಾಗಿರಬೇಕು ಎಂದುಕೊಂಡು ಅವನು ಒರೆಸುವ ಬಟ್ಟೆ ತಂದುಕೊಟ್ಟಿದ್ದ.

ಅಕ್ವೇರಿಯಂ ಅಂಗಡಿಯ ಹೆಂಗಸು ಅವನನ್ನು ಕಂಡದ್ದೇ ಕೈಯಲ್ಲಿದ್ದ ಕೊಳವೆ ಕೆಳಗಿಟ್ಟಳು.

"ಹಳದಿದೂ ಕಥೆ ಮುಗೀತಾ ಸರ್?"

"ಹೂಂ. ಗಟ್ಟಿಯಾದ್ದು ಯಾವುದಿದೆ?"

"ಅದಕ್ಕಿಂತ ದೊಡ್ಡದನ್ನೇ ಬಿಡಬೇಕು. ಬಣ್ಣ, ಆಕಾರ ಅದರ ಥರ ಇರಬಾರದು. ಆದ್ರೆ ಎಷ್ಟು ಸಲ ಹೇಳಿದೀನಿ, ಮೊದಲು ಕಲ್ಲೆಲ್ಲ ಜಾಗ ಬದಲಾಯಿಸಿ. ಯಾವ ಮೂಲೆ ಯಾರದ್ದು ಅಂತ ಗೊತ್ತಾಗಬಾರದು. ಹೊಸದಕ್ಕೂ ಹಳೇದಕ್ಕೂ ಮನೆ ಹೊಸದಾದ್ರೆ ಜಗಳ ಇಳಿಯುತ್ತೆ."

"ಕಲ್ಲು ಮುಟ್ಟೋಕೆ ನಮ್ಮ ಮನೆಯವಳು ಬಿಡಲ್ಲ. ಮಗಳು ಕೈಯಾರೆ ಜೋಡಿಸಿದ್ದು."

ಅವಳು ದನಿ ತಗ್ಗಿಸಿದಳು. "ಮೇಡಂಗೆ ಇನ್ನೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಮಗಳು ಹೋದ ವಾರ ತೊಟ್ಟಿಯ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಪಂಪು ನಿಂತುಹೋಗಿತ್ತು. ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಅವನು ರೌಡಿಯೂ ಸೇರಿ ಆರು ಮೀನುಗಳನ್ನು ಹಿತ್ತಲಲ್ಲಿ ಹೂತು, ಇದೇ ಅಂಗಡಿಗೆ ಬಂದು, ರೌಡಿಯಂಥದೇ ಇನ್ನೊಂದನ್ನು ಹುಡುಕಿಸಿ ಒಯ್ದಿದ್ದ. ಉಳಿದವು ಸತ್ತವು, ಇದೊಂದು ಬದುಕಿತು ಎಂದಿದ್ದ. ಹೆಂಡತಿ ಐದು ದಿನದಲ್ಲಿ ಮೊದಲ ಬಾರಿಗೆ ಎದ್ದು ಕೂತಿದ್ದಳು.

"ಇವತ್ತು ಹೇಳಿಬಿಡ್ತೀನಿ," ಎಂದ. ದನಿಯಲ್ಲಿ ಏರಿಳಿತವಿರಲಿಲ್ಲ. "ಮಗಳು ಅದರ ಮೇಲೆ ಜೀವ ಇಟ್ಕೊಂಡಿದ್ಲು. ಅದನ್ನೂ ಉಳಿಸಲಿಲ್ಲ ನಾನು. ಸಾಲದ್ದಕ್ಕೆ ನಕಲಿ ಮೀನು ತಂದಿಟ್ಟು ಎಲ್ಲರ ಕಣ್ಣಿಗೆ ಮಣ್ಣೆರಚಿದೆ. ಅವಳಿದ್ದಿದ್ರೆ ನನ್ನ ಮುಖ ನೋಡ್ತಿರಲಿಲ್ಲ."

ಹೆಂಗಸು ಒದ್ದೆ ಕೈಯನ್ನು ಬಹಳ ಹೊತ್ತು ಒರೆಸಿಕೊಂಡಳು.

"ಯಾರಿಗೂ ಹೇಳಬಾರದು ಅಂತ ಮಾತು ತಗೊಂಡಿದ್ಲು ಸರ್."

"ಯಾರು?"

"ನಿಮ್ಮ ಮಗಳು. ನೀವು ತಂದುಕೊಟ್ಟ ಮೀನು ಒಂದೇ ವರ್ಷಕ್ಕೆ ಸತ್ತುಹೋಗಿತ್ತು. ನಮ್ಮಪ್ಪಂಗೆ ಅದಂದ್ರೆ ಪ್ರಾಣ, ಗೊತ್ತಾದ್ರೆ ತಡ್ಕೊಳಲ್ಲ ಅಂತ ಅತ್ಕೊಂಡು ಬಂದು, ಅಂಥದೇ ಇನ್ನೊಂದನ್ನ ತಗೊಂಡು ಹೋಗಿದ್ಲು."