ಹತ್ತಕ್ಕೆ ಎರಡು

ಹದಿನಾಲ್ಕನೆಯ ಸಲವೂ ವಿಜ್ಞಾನದ ಟೀಚರ್ ಫೇಲಾದರು. ಹತ್ತಕ್ಕೆ ಎರಡು. ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಕೆಂಪಕ್ಷರ ಮೂಡಿತು: 'ಉತ್ತೀರ್ಣರಾಗಿಲ್ಲ. ದಯವಿಟ್ಟು ಪಾಠವನ್ನು ಇನ್ನೊಮ್ಮೆ ನೋಡಿ.' ಟೀಚರ್ ಇಯರ್‌ಫೋನ್ ಸರಿಮಾಡಿಕೊಂಡು ಪಾಠವನ್ನು ಮತ್ತೆ ಮೊದಲಿನಿಂದ ಹಾಕಿಕೊಳ್ಳುವಷ್ಟರಲ್ಲಿ ಹೆಡ್‌ಮೇಡಂ ಪಟ್ಟಿ ಹಿಡಿದು ಬಂದರು.

"ಏನ್ರೀ ಟೀಚರ್ ಇದು? ಇಪ್ಪತ್ತಾರು ವರ್ಷ ಪಾಠ ಮಾಡಿದೋರು ನೀವು. ಪಾಠ ಮಾಡೋದು ಹೇಗೆ ಅನ್ನೋ ಪರೀಕ್ಷೇಲಿ ನೀವೇ ಡುಮ್ಕಿ ಹೊಡೆದ್ರೆ ಹೇಗೆ?"

"ನನ್ನ ನೋಡಿ ಕಲೀಬೇಕು," ಎಂದರು ಮೂಲೆಯಲ್ಲಿ ಚೆಂಡಿಗೆ ಗಾಳಿ ತುಂಬುತ್ತಿದ್ದ ಪಿ.ಟಿ. ಮಾಸ್ತರು. "ನಾನು ಆರಿಸ್ಕೊಂಡ ಪಾಠ, ಕೈ ತೊಳೆಯುವ ಸರಿಯಾದ ವಿಧಾನ. ಆರೇ ನಿಮಿಷ. ಅದಕ್ಕಿಂತ ಚಿಕ್ಕದು ಇಡೀ ಪಟ್ಟೀಲೇ ಇರ್ಲಿಲ್ಲ. ಒಂದೇ ಏಟಿಗೆ ಪಾಸು!"

"ನೀವೊಬ್ರು ಸುಮ್ನಿರಿ ಮಾಸ್ಟ್ರೇ. ಟೀಚರ್, ಸಂಜೆ ಐದಕ್ಕೆ ಪಟ್ಟಿ ಕಳಿಸ್ಬೇಕು. ಎಲ್ಲರ ಹೆಸರೂ ಹಸಿರಾಗಿದೆ, ನಿಮ್ಮದೊಂದೇ ಕೆಂಪು." ಹೆಡ್‌ಮೇಡಂ ದನಿ ತಗ್ಗಿಸಿದರು. "ಮನಸ್ಸು ಸರಿಯಿಲ್ಲ, ಗೊತ್ತಮ್ಮ. ಆದ್ರೂ ಇದೊಂದು ಹೇಗಾದ್ರೂ ಮುಗಿಸಿಬಿಡಿ."

"ಆಗ್ಲಿ ಮೇಡಂ," ಎಂದರು ಟೀಚರ್. ಕಣ್ಣು ಪರದೆಯ ಮೇಲೇ ಇತ್ತು.

ಈ ವರ್ಷದಿಂದ ತರಬೇತಿಗೆಂದು ಊರೂರು ಅಲೆಯುವುದು ತಪ್ಪಿತ್ತು. ನಾನೂರು ಪಾಠಗಳ ಪಟ್ಟಿ ಕೊಟ್ಟಿದ್ದರು. ಬೇಕಾದ ಒಂದನ್ನು ಬೇಕಾದಾಗ ತೆರೆದು ನೋಡಿ, ಕೊನೆಯಲ್ಲಿ ಹತ್ತು ಪ್ರಶ್ನೆಗಳಿಗೆ ಉತ್ತರಿಸಿದರಾಯಿತು. ಟೀಚರ್ ಆರಿಸಿಕೊಂಡದ್ದು 'ಪ್ರಶ್ನೆ ಕೇಳಿದ ಮೇಲೆ' ಎಂಬ ಇಪ್ಪತ್ತು ನಿಮಿಷದ ಪಾಠ. ಅದನ್ನು ಮಾಡಿದವಳು ಅವರ ಮಗಳು. ಕಳೆದ ವರ್ಷ ಚಿತ್ರೀಕರಿಸಿದ್ದು. ನಾಲ್ಕು ತಿಂಗಳ ಹಿಂದೆ, ಮೂರೇ ದಿನದ ಜ್ವರ ಅವಳನ್ನು ಕರೆದುಕೊಂಡು ಹೋಗಿತ್ತು. ಈ ಪಾಠದಲ್ಲಿರುವುದು ಅವಳೇ ಎಂದು ಟೀಚರ್ ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ತಾಯಿ ಮಗಳು ಇಬ್ಬರೂ ಟೀಚರುಗಳು, ಇಬ್ಬರ ಶಾಲೆಯ ಗಂಟೆಯೂ ಒಂದೇ ಹೊತ್ತಿಗೆ ಹೊಡೆಯುತ್ತಿತ್ತು. ಹಾಗಾಗಿ ಮಗಳು ಪಾಠ ಮಾಡುವುದನ್ನು ತಾಯಿ ಒಂದು ದಿನವೂ ನೋಡಿರಲಿಲ್ಲ. ಈಗ ನೋಡುತ್ತಿದ್ದರು. ಮಗಳು ಮಂಜುಗಡ್ಡೆ ತೇಲುವ ನೀರಿನ ಲೋಟ ಎತ್ತಿ ಹಿಡಿಯುತ್ತಾಳೆ. "ಇದು ನೀರಲ್ಲಿ ಯಾಕೆ ತೇಲುತ್ತೆ? ಕೇಳಿದ ತಕ್ಷಣ ನೀವೇ ಉತ್ತರ ಹೇಳ್ಬೇಡಿ. ಕಾಯಿರಿ. ನಮ್ಮಮ್ಮನೂ ಟೀಚರೇ. ಪ್ರಶ್ನೆ ಕೇಳಿ, ಮಕ್ಕಳು ಉಸಿರು ತಗೊಳ್ಳೋದ್ರೊಳಗೆ ಉತ್ತರಾನೂ ತಾನೇ ಹೇಳಿಬಿಡ್ತಾಳೆ!" ಎಂದು ನಗುತ್ತಾಳೆ. ಆಮೇಲೆ ನೇರವಾಗಿ ಇತ್ತ ನೋಡುತ್ತಾ, ಹುಬ್ಬು ತುಸು ಏರಿಸಿ, ಹತ್ತು ಸೆಕೆಂಡು ಸುಮ್ಮನೆ ಕಾಯುತ್ತಾಳೆ. ಆ ಹತ್ತು ಸೆಕೆಂಡಿನಲ್ಲಿ ಒಮ್ಮೆ ರೆಪ್ಪೆ ಬಡಿಯುತ್ತಾಳೆ, ಆರನೆಯ ಸೆಕೆಂಡಿಗೆ.

ಪರೀಕ್ಷೆ ಪಾಸಾದರೆ ಪಾಠ ಮುಚ್ಚಿಹೋಗುತ್ತದೆ, ಪ್ರಮಾಣಪತ್ರವಷ್ಟೇ ಕೈಗೆ ಸಿಗುತ್ತದೆ ಎಂಬುದು ಉಳಿದವರು ತಮ್ಮ ತಮ್ಮ ಪಾಠ ಮುಗಿಸಿದಾಗಲೇ ಟೀಚರಿಗೆ ತಿಳಿದಿತ್ತು. ಇದನ್ನು ಉಳಿಸಿಕೊಳ್ಳಲು ಅವರು ನೋಡದ ದಾರಿಯಿಲ್ಲ. ನಕಲು ಮಾಡಹೋದರೆ ಪರದೆ ಕಪ್ಪಾಗುತ್ತಿತ್ತು. ಫೋನಿನಲ್ಲಿ ಹಿಡಿಯಹೋದರೆ ಅಡ್ಡಗೆರೆಗಳು ಕುಣಿದು ಮುಖ ಕಾಣುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ. ಹತ್ತು ಪ್ರಶ್ನೆಗಳನ್ನೂ ಎಚ್ಚರಿಕೆಯಿಂದ ಓದಿ ತಪ್ಪು ಉತ್ತರ ಹುಡುಕಿ ಗುರುತು ಹಾಕುತ್ತಿದ್ದರು. ಎಲ್ಲವೂ ತಪ್ಪಾದರೆ ಅನುಮಾನ ಬಂದೀತೆಂದು ಎರಡನ್ನು ಮಾತ್ರ ಸರಿ ಮಾಡುತ್ತಿದ್ದರು.

ಅಂದು ಪಾಠ ಮುಗಿದು ಪ್ರಶ್ನೆಗಳು ಮೂಡುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಪುಟವನ್ನು ಹಾಗೇ ಬಿಟ್ಟು ಟೀಚರ್ ಎಂಟನೆಯ ತರಗತಿಗೆ ಹೋದರು.

ಮರಳಿ ಬಂದಾಗ ಪಿ.ಟಿ. ಮಾಸ್ತರು ಪ್ರಿಂಟರಿನ ಪಕ್ಕ ನಿಂತಿದ್ದರು. ಮುಖ ಊರಗಲ ಅರಳಿತ್ತು.

"ಟೀಚರ್, ಸ್ವೀಟು ಯಾವಾಗ? ಹತ್ತಕ್ಕೆ ಹತ್ತು!"

"ಏನು ಮಾಸ್ಟ್ರೇ?"

"ನಿಮ್ಮ ಪರೀಕ್ಷೆ! ನಾನೇ ಬರೆದುಬಿಟ್ಟೆ. ಇಷ್ಟು ನೋವಲ್ಲಿ ಇದೊಂದು ತಲೆನೋವು ನಿಮಗ್ಯಾಕೆ ಅಂತ. ವಿಡಿಯೋ ಕಡೆ ತಿರುಗೂ ನೋಡ್ಲಿಲ್ಲ, ಎಲ್ಲಾ ಅಂದಾಜಿನ ಮೇಲೆ. ಹೆಡ್‌ಮೇಡಂಗೂ ಹೇಳಾಯ್ತು. ಅವರಂತೂ ಉಸ್ಸಪ್ಪಾ ಅಂದ್ರು."

ಟೀಚರ್ ಕೈಯಲ್ಲಿದ್ದ ಪುಸ್ತಕಗಳನ್ನು ಕೆಳಗಿಡುವುದನ್ನೂ ಮರೆತು ಕಂಪ್ಯೂಟರಿನತ್ತ ಬಾಗಿದರು. ಪಾಠದ ಹೆಸರಿನ ಮೇಲೆ ಒತ್ತಿದರು. 'ನೀವು ಈ ಪಾಠವನ್ನು ಯಶಸ್ವಿಯಾಗಿ ಮುಗಿಸಿದ್ದೀರಿ.' ಮತ್ತೆ ಒತ್ತಿದರು. ಮತ್ತೊಮ್ಮೆ. ಅದೇ ಹಸಿರು ಅಕ್ಷರ.

ಅವರ ಬೆನ್ನ ಹಿಂದೆ ಮಾಸ್ತರು ಪ್ರಿಂಟರಿನಿಂದ ಹೊರಬಂದ ಹಾಳೆಯನ್ನು ಎತ್ತಿ ಹಿಡಿದು, ಬಹುಮಾನ ವಿತರಣೆಯ ದಿನ ಹೆಸರು ಕೂಗುವ ಠೀವಿಯಲ್ಲಿ ಓದತೊಡಗಿದರು. ಟೀಚರ ಹೆಸರಾಯಿತು, ಪಾಠದ ಹೆಸರಾಯಿತು. "ತರಬೇತಿ ನೀಡಿದವರು, ಕುಮಾರಿ..." ಎಂದವರು ಮುಂದಿನ ಹೆಸರನ್ನು ಅರ್ಧ ಓದಿ ನಿಂತುಬಿಟ್ಟರು. ಮಾಸ್ತರ ಅಕ್ಷರ ದುಂಡಗಿದೆಯೆಂದು, ನಾಲ್ಕು ತಿಂಗಳ ಹಿಂದೆ ಶಾಲೆಯ ಸೂಚನಾಫಲಕದ ಶ್ರದ್ಧಾಂಜಲಿಯಲ್ಲಿ ಆ ಹೆಸರನ್ನು ಅವರಿಂದಲೇ ಬರೆಸಿದ್ದರು.

"ಟೀಚರ್..." ಎಂದರು ಮಾಸ್ತರು. "ದೇವರಾಣೆ, ನಾನು ಒಂದು ನಿಮಿಷಾನೂ ನೋಡ್ಲಿಲ್ಲ. ಗೊತ್ತಿದ್ರೆ..."

ಟೀಚರ್ ಅವರ ಕೈಯಿಂದ ಇನ್ನೂ ಬಿಸಿಯಾಗಿದ್ದ ಹಾಳೆಯನ್ನು ತೆಗೆದುಕೊಂಡು, ಸುಕ್ಕಾಗದಂತೆ ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡರು.

"ಗೊತ್ತು ಮಾಸ್ಟ್ರೇ," ಎಂದರು. "ನೋಡಿದ್ದಿದ್ರೆ ನೀವೂ ಫೇಲಾಗ್ತಿದ್ರಿ."