ಮುಖವಿಲ್ಲದ ಹದಿನೇಳು ಮಂದಿ

ಬಲದಿಂದ ಮೂರನೆಯವನು ತನ್ನ ಗಂಡ ಎಂದು ಮಧುರಾ ಹೇಳಿದಾಗ ಮೈದುನ ನಾಗಪತಿ ಮೊದಲು ನೋಡಿದ್ದು ಚಿತ್ರವನ್ನಲ್ಲ, ಸುತ್ತ ಯಾರಾದರೂ ಕೇಳಿಸಿಕೊಂಡರೇ ಎಂದು.

ಶಿರಸಿಯ ಸಭಾಭವನದಲ್ಲಿ ಚಿತ್ರಪ್ರದರ್ಶನ. ನಾಗಪತಿಯ ಮಗಳದ್ದೂ ಒಂದು ಚಿತ್ರವಿತ್ತೆಂದು ಇಬ್ಬರೂ ಹೇರೂರಿನಿಂದ ಬಂದಿದ್ದರು. ಜನ ಸೇರಿದ್ದು ಮಾತ್ರ ಗೋಡೆಯುದ್ದದ ಈ ಕ್ಯಾನ್ವಾಸಿನ ಮುಂದೆ. ಹಿಂದೆ ಎತ್ತರದ ಕಟ್ಟಡಗಳು, ಮೇಲ್ಸೇತುವೆ. ಮುಂದೆ ಬಸ್ಸಿಗೆ ಕಾದು ನಿಂತ ಹದಿನೇಳು ಗಂಡಸರು. ಒಬ್ಬನಿಗೂ ಮುಖವಿಲ್ಲ, ಆ ಜಾಗಕ್ಕೆ ಬೂದು ಬಣ್ಣ ಬಳಿದಿತ್ತು.

“ಮುಖನೇ ಇಲ್ಲೆ ಅತ್ತಿಗೆ. ಎಂತ ಗುರ್ತು ಅದು?”

“ಎಡ ಭುಜ.”

ಅಣ್ಣ ಕಮಲಾಕರನ ಎಡ ಭುಜ ಸ್ವಲ್ಪ ಇಳಿದಿತ್ತು, ನಿಜ. ಹುಬ್ಬಳ್ಳಿಗೆ ಹೋಗಿ ಸಂಜೆಗೆ ಬರುತ್ತೇನೆಂದವನು ಬರಲೇ ಇಲ್ಲ. ಮುಂದಿನ ತಿಂಗಳಿಗೆ ಹನ್ನೆರಡು ವರ್ಷ. ಅಷ್ಟು ಕಾಲ ಸುದ್ದಿಯಿಲ್ಲದವನನ್ನು ಸತ್ತನೆಂದೇ ತಿಳಿದು, ದರ್ಭೆಯ ಗೊಂಬೆ ಸುಟ್ಟು ಕ್ರಿಯೆ ಮಾಡುವುದು ಪದ್ಧತಿ. ಮನೆಯವರೆಲ್ಲ ಒಪ್ಪಿದ್ದರು. ಮಧುರಾ ಒಬ್ಬಳೇ ಅಡ್ಡ. ಬದುಕಿರುವವನನ್ನು ಸುಡಲು ಬಿಡುವುದಿಲ್ಲ ಎನ್ನುತ್ತಿದ್ದಳು. ಹಾಗೆನ್ನುವಾಗ ಅವಳಿಗೆ ಅಳು ಬರುತ್ತಿರಲಿಲ್ಲ. ಅದು ಎಂದೋ ಮುಗಿದಿತ್ತು.

ಚಿತ್ರದ ಎದುರು ನಿವೃತ್ತ ಉಪನ್ಯಾಸಕ ಸದಾಶಿವ ವ್ಯಾಖ್ಯಾನಕ್ಕೆ ಇಳಿದಿದ್ದರು. ನಗರ ಮನುಷ್ಯರನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತದಂತೆ. ಅದಕ್ಕೇ ಹದಿನೇಳು ಜನರ ನಿಲುವೂ ಒಂದೇ ಅಂತೆ. ಮುಖ ಹೋದರೆ ಹೆಸರು ಹೋಯಿತು, ಹೆಸರು ಹೋದರೆ ಊರು ಹೋಯಿತು. ಎಲ್ಲರೂ ತಲೆಯಾಡಿಸಿದರು. ಅರ್ಥವಾಗದಿದ್ದರೂ ತಲೆಯಾಡಿಸಲು ಖರ್ಚೇನು?

ಮಧುರಾ ಒಬ್ಬೊಬ್ಬರನ್ನೇ ನೋಡುತ್ತ ಹೋದಳು. ಎಲ್ಲರ ಎಡ ಭುಜವೂ ಇಳಿದಿತ್ತು. ಹದಿನೇಳು ಜನರೂ ಅವನೇ ಎಂದಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದುಕೊಂಡ ನಾಗಪತಿ. ಪಾಪ ಎಂದೂ ಅನ್ನಿಸಿತು. ಬೈಕು ತೆಗೆಯುತ್ತೇನೆಂದು ಕೆಳಗಿಳಿದ.

ಚಿತ್ರ ಬರೆದ ವೈಭವ ಉಮ್ಮಚಗಿಯ ಹುಡುಗ, ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ. ಮಧುರಾ ತಾನು ಯಾರೆಂದು ಹೇಳಲಿಲ್ಲ. ಇದಕ್ಕೆ ಯಾರನ್ನು ನಿಲ್ಲಿಸಿಕೊಂಡಿದ್ದೆ ಎಂದಷ್ಟೇ ಕೇಳಿದಳು.

ಅವನು ಉಪನ್ಯಾಸಕರ ಕಡೆ ನೋಡಿ ದನಿ ತಗ್ಗಿಸಿದ. “ಹದಿನೇಳು ಜನನ್ನ ಎಲ್ಲಿಂದ ತರ್ಲಿ ಅಕ್ಕಾ? ಒಬ್ರೇ. ಹುಬ್ಬಳ್ಳಿಲಿ ನಮ್ಮ ರೂಮಿನ ಕೆಳಗೇ ಇದಾರೆ.”

ಬದುಕಿದ್ದಾನೆ. ಈ ಒಂದು ಮಾತಿಗಾಗಿ ಅವಳು ಹನ್ನೆರಡು ವರ್ಷ ಕಾದಿದ್ದಳು. ಸಂತೋಷವಾಗಬೇಕಿತ್ತು. ಒಳಗೆ ಏನೂ ಅಲುಗಲಿಲ್ಲ. ಮತ್ತೆ ಮುಖ ಯಾಕೆ ಬಿಡಿಸಲಿಲ್ಲ ಎಂದು ಕೇಳಿದಳು.

“ಬಿಡಿಸಿದ್ದೆ. ಚೊಲೋ ಬಂದಿತ್ತು. ಪ್ರದರ್ಶನ ಶಿರಸಿಲಿ ಅಂದ ಕೂಡ್ಲೆ ಕೈ ಮುಗಿದು ಕೂತ್ರು. ಎಲ್ಲಾ ಹದಿನೇಳೂ ಅಳಿಸೋತನಕ ಏಳಲೇ ಇಲ್ಲ.”

ಬೇಕಾದರೆ ಅವರ ಫೋನ್ ನಂಬರ್ ಕೊಡುತ್ತೇನೆ ಎಂದ ವೈಭವ. ಮಧುರಾ ಬೇಡವೆಂದಳು.

ಕೆಳಗೆ ನಾಗಪತಿ ಬೈಕು ಚಾಲೂ ಮಾಡಿಕೊಂಡು ನಿಂತಿದ್ದ. ಅವಳು ಹಿಂದೆ ಹತ್ತಿ ಕೂತಳು.

“ಅದು ನಿನ್ನಣ್ಣ ಅಲ್ಲ,” ಎಂದಳು. “ಹೋಗ್ತಾ ಭಟ್ರ ಮನೆಗೆ ಹೋಗಿ ದಿನ ಕೇಳನ. ಕ್ರಿಯೆ ಮಾಡಿ ಮುಗ್ಸನ.”