ಕಂಬದ ಮೇಲಿನವನು

ಗುಡ್ಡದ ಮೇಲಿನ ಆ ಒಂಟಿ ಮನೆಗೆ ಕರೆಂಟಿನ ತಂತಿ ಬಂದಿರಲಿಲ್ಲ. ಬಿಸಿಲು, ಗಾಳಿಗಳಿಂದಲೇ ಬದುಕುತ್ತೇವೆಂದು ಗಂಡ ಹಟ ಹಿಡಿದು ವರ್ಷಗಳೇ ಕಳೆದಿದ್ದವು. ಸೋಲಾರ್ ಹಲಗೆಗಳ ಧೂಳು ಒರೆಸಿ, ಮೋಡ ಕವಿದ ದಿನ ಮಿಕ್ಸಿ ಬಿಟ್ಟು ಒರಳಿನಲ್ಲಿ ರುಬ್ಬಿ ನೀಲವ್ವನ ರಟ್ಟೆಗಳು ಸೋತಿದ್ದವು. ಅಂದು ಬಟ್ಟೆಯ ಗಂಟು ಕಟ್ಟಿಕೊಂಡು ಹೊರಬಂದಳು. ಗಂಡ ಎಂದಿನಂತೆ ಗಾಳಿಯಂತ್ರದ ಕಂಬದ ತುದಿಯಲ್ಲಿದ್ದ.

"ನನ್ನ ಕೈಲಿ ಇನ್ನ ಆಗೂದಿಲ್ರಿ. ತಂಗಿ ಮನಿಗೆ ಹೊಂಟೀನಿ," ಎಂದು ಕೂಗಿದಳು. "ತಿರುಗಿ ಬರೂದಿಲ್ಲ."

"ಒಂಚೂರು ಆ ಹಗ್ಗ ಹಿಡಿ."

"ಇವತ್ತೂ ಮತ್ತ ರಿಪೇರೀನಾ?"

ಕಣ್ಣು ತುಂಬಿ ಬಂದರೂ ರೂಢಿಯಂತೆ ಹಗ್ಗ ಹಿಡಿದಳು. ಯಂತ್ರದ ರೆಕ್ಕೆಯೊಂದು ತೂಗಾಡುತ್ತ ಕೆಳಗಿಳಿಯಿತು. ಹಿಂದೆಯೇ ಗಂಡನ ದಣಿದ ದನಿ ಬಂತು:

"ರಿಪೇರಿ ಅಲ್ಲ, ಬಿಚ್ಚಾಕತ್ತೀನಿ. ನಿಂದ್ರು, ನಾನೂ ಬರ್ತೀನಿ."